ಕಾಲೂರದ ಶಪಥ

ಒಡ್ಡು ಕಟ್ಟಿ ಕಡಲನ್ನು ತಡೆದ ನಾಡಿನಲ್ಲಿ, ಸಮುದ್ರಮಟ್ಟಕ್ಕಿಂತ ಒಂದೂವರೆ ಮೀಟರ್ ಕೆಳಗೆ ಹುಟ್ಟಿದ ಸೀಬ್ರಾಂಡ್, ತನ್ನ ಐವತ್ತೆರಡನೆಯ ವಯಸ್ಸಿನಲ್ಲಿ, ತೊಡೆಯ ಮೇಲೆ ಕೇಕಿನ ತಟ್ಟೆ ಇಟ್ಟುಕೊಂಡು, ತಾನೊಂದು ಬೆಟ್ಟ ಗೆಲ್ಲುವುದಾಗಿ ಘೋಷಿಸಿಬಿಟ್ಟ.

ಘೋಷಣೆ ನಡೆದದ್ದು ಹೆಂಡತಿಯ ಅಣ್ಣ ರೂಡ್‌ನ ಹುಟ್ಟುಹಬ್ಬದಲ್ಲಿ. ಎಂದಿನಂತೆ ಕುರ್ಚಿಗಳನ್ನೆಲ್ಲ ವೃತ್ತಾಕಾರವಾಗಿ ಹಾಕಿದ್ದರು. ಬಂದವರೆಲ್ಲ ರೂಡ್‌ನನ್ನು ಅಭಿನಂದಿಸಿ, ಅವನ ಹೆಂಡತಿಯನ್ನು ಅಭಿನಂದಿಸಿ, ಅವನು ಹುಟ್ಟಿದ್ದರಲ್ಲಿ ಯಾವ ಪಾತ್ರವೂ ಇಲ್ಲದ ಸೀಬ್ರಾಂಡ್‌ನನ್ನೂ ಕೈಕುಲುಕಿ ಅಭಿನಂದಿಸಿ, ಕಾಫಿ ಹಿಡಿದು ಕೂತಿದ್ದರು. ಅಂಥ ವೃತ್ತದಲ್ಲಿ ಒಬ್ಬ ಆಡಿದ ಮಾತು ಹದಿನಾಲ್ಕು ಜನಕ್ಕೆ ಕೇಳಿಸುತ್ತದೆ. ಆಮೇಲೆ ಹೋಗಿ ಬಚ್ಚಿಟ್ಟುಕೊಳ್ಳೋಣವೆಂದರೆ ವೃತ್ತಕ್ಕೆ ಮೂಲೆಯೇ ಇರುವುದಿಲ್ಲ.

ಮಾತು ಶುರುವಾದದ್ದು ಬೇಸಿಗೆ ರಜೆಯಿಂದ. ಹನ್ನೊಂದು ವರ್ಷಗಳಿಂದ ಸೀಬ್ರಾಂಡ್ ಮತ್ತು ಅವನ ಹೆಂಡತಿ ಟಿನೆಕೆ ರಜೆಯ ಎರಡು ವಾರ ಕಳೆಯುತ್ತಿದ್ದದ್ದು ಕಡಲ ತೀರದಲ್ಲಿ, ರೂಡ್‌ನ ಕ್ಯಾರವಾನಿನಲ್ಲಿ. ಅಂದರೆ ರೂಡ್‌ನ ಗೊರಕೆಯಿಂದ ಒಂದು ತೆಳು ಹಲಗೆಯಷ್ಟು ದೂರದಲ್ಲಿ. ಈ ಸಲ ತಾವಿಬ್ಬರೇ ಆರ್ಡೆನ್ಸ್ ಬೆಟ್ಟಗಳಲ್ಲಿ ಪುಟ್ಟದೊಂದು ಮನೆ ಹಿಡಿದು, ಕಾಡುದಾರಿಯಲ್ಲಿ ಸೈಕಲ್ ಹೊಡೆಯೋಣವೆಂದು ಸೀಬ್ರಾಂಡ್ ಸೂಚಿಸಿದ.

"ಆರ್ಡೆನ್ಸಾ?" ಎಂದ ರೂಡ್. ಅವನ ಹತ್ತಿರ ಆರು ವರ್ಷದಿಂದ ಮೌಂಟನ್ ಬೈಕ್ ಇತ್ತು, ಅದಕ್ಕೆ ತಕ್ಕ ಗತ್ತೂ ಇತ್ತು. "ಅಲ್ಲಿ ರಸ್ತೆ ಮೇಲಕ್ಕೂ ಹೋಗುತ್ತೆ ಭಾವ, ಕೆಳಕ್ಕೂ ಹೋಗುತ್ತೆ. ನಿನಗೆ ಅಭ್ಯಾಸ ಇರಲ್ಲ."

ಸೀಬ್ರಾಂಡ್ ತಟ್ಟೆ ಕೆಳಗಿಟ್ಟ. ನಡೆಯೋದಕ್ಕೆ ಮುಂಚೆ ಸೈಕಲ್ ಕಲಿತವನು ನಾನು, ಎಂದ. ಪೆಂತೆಕೋಸ್ತ್ ಹಬ್ಬದ ಸೋಮವಾರ, ಅಮೆರೊಂಗನ್ ಬೆಟ್ಟದ ಕಾಡುದಾರಿಯಲ್ಲಿ, ತುದಿಯಿಂದ ಬುಡದವರೆಗೆ ಒಂದೇ ಒಂದು ಸಲವೂ ಕಾಲು ನೆಲಕ್ಕೆ ಊರದೆ ಇಳಿದು ತೋರಿಸುತ್ತೇನೆ ಎಂದ. ತೋರಿಸಿದರೆ ಆರ್ಡೆನ್ಸ್, ಕಾಲೂರಿದರೆ ಕ್ಯಾರವಾನು. ಹದಿನಾಲ್ಕು ಜನ ಸಾಕ್ಷಿ.

ಬೆಟ್ಟದ ಎತ್ತರ ಅರವತ್ತೊಂಬತ್ತು ಮೀಟರ್. ನಗಬೇಡಿ. ಸೀಬ್ರಾಂಡ್ ಜಲಮಂಡಳಿಯಲ್ಲಿ ಒಡ್ಡು-ಕಾಲುವೆಗಳ ತನಿಖಾಧಿಕಾರಿ. ನೀರು ಹತ್ತು ಸೆಂಟಿಮೀಟರ್ ಏರಿದರೆ ಊಟ ಬಿಟ್ಟು ಓಡುವ ಮನುಷ್ಯ. ಅವನ ಲೆಕ್ಕದಲ್ಲಿ ಅರವತ್ತೊಂಬತ್ತು ಮೀಟರ್ ಎಂದರೆ ಹಿಮಾಲಯವೇ.

ಈಗ ಬೈಕು ಬೇಕಿತ್ತು. ಅವನ ಹತ್ತಿರ ಇದ್ದದ್ದು ಮೂವತ್ತು ವರ್ಷ ಹಳೆಯ ಕಪ್ಪು ಸೈಕಲ್. ನೆಟ್ಟಗೆ ಬೆನ್ನು ಕೊಟ್ಟು ಕೂರುವಂಥದ್ದು. ಪೆಡಲನ್ನು ಹಿಂದಕ್ಕೆ ಒತ್ತಿದರೆ ನಿಲ್ಲುತ್ತದೆ. ಹ್ಯಾಂಡಲಿನ ಮೇಲೆ ಒಂದು ಗಂಟೆ ಬಿಟ್ಟರೆ ಬೇರೇನೂ ಇಲ್ಲ. ಟಿನೆಕೆಯದೂ ಅದೇ ಜಾತಿ, ಬುಟ್ಟಿಯೊಂದು ಹೆಚ್ಚು.

ಸೈಕಲ್ ಅಂಗಡಿಯ ಯೋರಿಸ್ ಎರಡು ಹಾರ್ಡ್‌ಟೇಲ್ ಬೈಕು ತಂದು ನಿಲ್ಲಿಸಿದ, ಒಂದು ಹಸಿರು, ಒಂದು ಕಿತ್ತಳೆ. ಎರಡಕ್ಕೂ ಮುಂದಿನ ಚಕ್ರಕ್ಕೆ ಮಾತ್ರ ಸ್ಪ್ರಿಂಗು, ಹಿಂದೆ ಗಟ್ಟಿ ಕಬ್ಬಿಣ. ಬೆಟ್ಟದ ಸುಖವೆಲ್ಲ ಅಂಗೈಗೆ, ಕಷ್ಟವೆಲ್ಲ ಆಸನಕ್ಕೆ ಎಂಬ ಹಂಚಿಕೆ. ಹಸಿರಿನದು ದೊಡ್ಡ ಚಕ್ರ, ಹಗುರ ಮೈ, ಮುಟ್ಟಿದರೆ ಹಾರುವ ಸ್ವಭಾವ. ಕಿತ್ತಳೆಯದು ದಪ್ಪ ಟೈರು, ಭಾರ ಮೈ. ಗುಂಡಿಯೊಂದನ್ನು ಒತ್ತಿದರೆ ಸೀಟು ತಾನೇ ಕೆಳಕ್ಕಿಳಿಯುವ ಸೌಕರ್ಯ ಬೇರೆ. ಹುಡುಗಾಟಕ್ಕೆ, ಭಾನುವಾರದ ಸವಾರಿಗೆ ಎರಡೂ ಚೆನ್ನ ಎಂದ ಯೋರಿಸ್.

'ಎರಡೂ ಚೆನ್ನ' ಎಂಬ ಉತ್ತರ ಒಬ್ಬ ತನಿಖಾಧಿಕಾರಿಗೆ ಸಾಲುತ್ತದೆಯೇ? ಸೀಬ್ರಾಂಡ್ ಮನೆಗೆ ಹೋಗಿ ಹದಿನೇಳು ಕಾಲಮಿನ ಪಟ್ಟಿ ತಯಾರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ತೂಕ, ಟೈರು, ಗೇರು, ಬಣ್ಣ ಕೆಸರಿಗೆ ಹೊಂದುತ್ತದೆಯೋ ಇಲ್ಲವೋ, ಎಲ್ಲಕ್ಕೂ ಅಂಕ. ಕಾಗದದ ಮೇಲೆ ಬ್ರೇಕಿಗೆ ಎರಡಕ್ಕೂ ಹತ್ತಕ್ಕೆ ಒಂಬತ್ತು. ಒಟ್ಟು ಕೂಡಿಸಿದರೆ ಹಸಿರಿಗೆ ನೂರ ಇಪ್ಪತ್ತೊಂದು, ಕಿತ್ತಳೆಗೆ ನೂರ ಇಪ್ಪತ್ತೊಂದು. ಎರಡು ರಾತ್ರಿ ನಿದ್ದೆ ಹತ್ತಲಿಲ್ಲ.

ಕೊನೆಗೆ ಯೋರಿಸ್‌ಗೇ ಕನಿಕರ ಬಂತು. ಶನಿವಾರ ಎರಡನ್ನೂ ಒಯ್ದು ಬೆಟ್ಟದಲ್ಲಿ ಓಡಿಸಿ ನೋಡಿ, ಸಂಜೆ ಐದರೊಳಗೆ ಒಂದನ್ನು ವಾಪಸು ತನ್ನಿ, ಎಂದ. ಇಳಿಜಾರಿನಲ್ಲಿ ಹೇಗೆ ಇಳಿಯಬೇಕು ಅಂತ ಐದು ನಿಮಿಷ ತೋರಿಸಿಕೊಡಲಾ ಅಂತಲೂ ಕೇಳಿದ.

"ಮಾರಾಯ," ಎಂದ ಸೀಬ್ರಾಂಡ್, "ಮೀನಿಗೆ ಈಜು ಹೇಳಿಕೊಡ್ತೀಯಾ?"

ಶನಿವಾರ ಟಿನೆಕೆಯೂ ಹೊರಟಳು. ಆಂಬುಲೆನ್ಸಿಗೆ ಫೋನ್ ಮಾಡಲು ಒಬ್ಬರಾದರೂ ಬೇಕಲ್ಲ ಎಂಬುದು ಅವಳ ವಾದ. ಬುಟ್ಟಿಯಲ್ಲಿ ಕಾಫಿ ಫ್ಲಾಸ್ಕು, ಒಣದ್ರಾಕ್ಷಿ ಬನ್ನು.

ಮೊದಲು ಹಸಿರು. ಸಮತಟ್ಟಿನಲ್ಲಿ ರಾಜನಂತೆ ಹೋಯಿತು. ಏರಿನಲ್ಲಿ ಮಂತ್ರಿಯಂತೆ ಹೋಯಿತು. ಆಮೇಲೆ ಬಂತು ಇಳಿಜಾರು. ಪೈನ್ ಮರಗಳ ಬೇರುಗಳ ಮೇಲೆ ದಡದಡ ಇಳಿದು, ಬುಡದಲ್ಲಿ ದಾರಿ ಸರಕ್ಕನೆ ಎಡಕ್ಕೆ ತಿರುಗುತ್ತದೆ. ನೇರ ಹೋದರೆ ನೇರಳೆ ಬಣ್ಣದ ಬೆರಿ ಹಣ್ಣಿನ ಪೊದೆ. ಸೀಬ್ರಾಂಡ್ ಬ್ರೇಕು ಒತ್ತಿದ. ಬೈಕು ನಿಲ್ಲಲಿಲ್ಲ. ಇನ್ನೂ ಬಲವಾಗಿ ಒತ್ತಿದ. ಗಿರ್ರನೆ ಏನೋ ತಿರುಗಿದ ಸದ್ದಾಯಿತೇ ಹೊರತು ವೇಗ ಕೂದಲೆಳೆಯಷ್ಟೂ ತಗ್ಗಲಿಲ್ಲ. ದಾರಿ ಎಡಕ್ಕೆ ಹೋಯಿತು. ಸೀಬ್ರಾಂಡ್ ನೇರ ಹೋದ.

ಪೊದೆಯಿಂದ ಹೊರಬಂದವನೇ ಫ್ರಿಜ್ಜಿನಿಂದ ಕಿತ್ತು ತಂದಿದ್ದ ಪಟ್ಟಿಯನ್ನು ಜೇಬಿನಿಂದ ತೆಗೆದು, ಎಲೆ ಕೊಡವಿ ಬರೆದ: 'ಹಸಿರು: ಬ್ರೇಕು ಹಿಡಿಯುವುದಿಲ್ಲ.'

ಸರಿ, ಆಯ್ಕೆ ಸುಲಭವಾಯಿತಲ್ಲ ಎಂಬ ನೆಮ್ಮದಿಯಲ್ಲಿ ಕಿತ್ತಳೆ ಏರಿದ. ಅದೇ ಏರು, ಅದೇ ಇಳಿಜಾರು, ಅದೇ ಗಿರ್ರೆಂಬ ಸದ್ದು, ಅದೇ ಪೊದೆ. ಈ ಸಲ ಪೊದೆಯಲ್ಲಿ ದಾರಿ ಮೊದಲೇ ಮಾಡಿಟ್ಟಿದ್ದರಿಂದ ಇನ್ನೂ ನಾಲ್ಕು ಹೆಜ್ಜೆ ಒಳಕ್ಕೆ ಹೋದ. 'ಕಿತ್ತಳೆ: ಬ್ರೇಕು ಹಿಡಿಯುವುದಿಲ್ಲ.' ಈ ಅಂಗಡಿಯವನ ಮೇಲೆ ದೂರು ಕೊಡದೆ ಬಿಡುವುದಿಲ್ಲ ಎಂದು ಪೊದೆಯೊಳಗಿನಿಂದಲೇ ಗುಡುಗಿದ.

ಮೇಲೆ ನಿಂತಿದ್ದ ಟಿನೆಕೆ ಫ್ಲಾಸ್ಕನ್ನು ಬುಟ್ಟಿಗಿಟ್ಟು, ತನ್ನ ಮೂವತ್ತು ವರ್ಷದ ಸೈಕಲ್ ಹತ್ತಿ, ಕುರ್ಚಿಯಲ್ಲಿ ಕೂತಂತೆ ನೆಟ್ಟಗೆ ಕೂತು, ಅದೇ ಇಳಿಜಾರಿನಲ್ಲಿ ಮೆಲ್ಲಗೆ ಇಳಿದುಬಂದಳು. ಬುಟ್ಟಿಯಲ್ಲಿ ಬನ್ನು ಅಲುಗಾಡಲಿಲ್ಲ. ಗಂಡನ ಮೂಗಿನೆದುರು ಸೈಕಲ್ ನಿಲ್ಲಿಸಿದಳು. ಅವಳು ಪ್ರೈಮರಿ ಶಾಲೆಯ ಟೀಚರು. ಪ್ರತಿ ವಸಂತದಲ್ಲಿ ಏಳನೆಯ ತರಗತಿಯ ಮಕ್ಕಳಿಗೆ ರಸ್ತೆಯಲ್ಲಿ ಸೈಕಲ್ ಪರೀಕ್ಷೆ ನಡೆಸುವವಳು.

"ಚಿನ್ನ," ಎಂದಳು, "ಇಳಿಯುವಾಗ ಕಾಲಲ್ಲಿ ಏನ್ ಮಾಡ್ತಿದ್ದೆ?"

"ಬ್ರೇಕ್ ಹಾಕ್ತಿದ್ದೆ. ಇನ್ನೇನು ಮಾಡ್ತಾರೆ?"

"ಕಾಲಲ್ಲಾ?"

ಟಿನೆಕೆ ಕಿತ್ತಳೆಯನ್ನು ಪೊದೆಯಿಂದ ಹೊರಗೆಳೆದಳು.

"ಮತ್ತೆ ಹ್ಯಾಂಡಲ್ ಮೇಲೆ ಆ ಎರಡು ಹಿಡಿ ಯಾಕಿಟ್ಟಿದಾರೆ? ಟವಲ್ ಒಣಗಹಾಕೋಕಾ?"

ಕೈಬ್ರೇಕು ಎಂಬುದೊಂದು ಇದೆಯೆಂದು ಸೀಬ್ರಾಂಡ್‌ಗೆ ಗೊತ್ತಿರಲಿಲ್ಲವೆಂದಲ್ಲ. ಅದಕ್ಕೆ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟವನೇ ಅವನು. ಆದರೆ ಗೊತ್ತಿದ್ದದ್ದು ತಲೆಗೆ. ಐವತ್ತು ವರ್ಷ ಪೆಡಲು ಹಿಂದಕ್ಕೊತ್ತಿ ಬದುಕು ಸಾಗಿಸಿದ ಕಾಲುಗಳಿಗೆ ತಲೆಯಿಂದ ಸುತ್ತೋಲೆ ಇನ್ನೂ ತಲುಪಿರಲಿಲ್ಲ.

ಸಂಜೆ ಅಂಗಡಿಯಲ್ಲಿ, ಒಬ್ಬ ಸ್ನೇಹಿತನ ಪರವಾಗಿ ಕೇಳುತ್ತಿದ್ದೇನೆ ಎಂಬ ಪೀಠಿಕೆಯೊಂದಿಗೆ, ಇಂಥ ಬೈಕಿಗೆ ಕಾಲಿನ ಬ್ರೇಕು ಕೂರಿಸಲು ಬರುತ್ತದೆಯೇ ಎಂದು ವಿಚಾರಿಸಿದ. ಬರುವುದಿಲ್ಲ ಎಂದ ಯೋರಿಸ್. ಆಮೇಲೆ ಅವನ ತಲೆಯನ್ನೇ ನೋಡುತ್ತ, "ನಿಮ್ಮ ಸ್ನೇಹಿತರ ಕೂದಲಲ್ಲೂ ಎಲೆ ಸಿಕ್ಕೊಂಡಿದೆಯಾ, ಸಾರ್?" ಎಂದು ಕೇಳಿದ.

ಸೀಬ್ರಾಂಡ್ ಕಿತ್ತಳೆಯನ್ನು ಇಟ್ಟುಕೊಂಡ. ಸೀಟು ಕೆಳಗಿಳಿಯುತ್ತದೆ, ಬಿದ್ದರೂ ನೆಲ ದೂರವಿಲ್ಲ ಎಂಬುದೊಂದೇ ಕಾರಣ. ಹದಿನೇಳು ಕಾಲಮಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಸೋಮವಾರಕ್ಕೆ ಇನ್ನು ಒಂಬತ್ತು ದಿನ. ಸೀಬ್ರಾಂಡ್ ಹ್ಯಾಂಡಲಿಗೆ 'ಕೈ' ಎಂದು ಬರೆದ ಚೀಟಿ ಅಂಟಿಸಿ, ಕಪ್ಪು ಸೈಕಲನ್ನು ಮೂಲೆಗೆ ತಳ್ಳಿ, ಆಫೀಸಿಗೆ ಕಿತ್ತಳೆಯಲ್ಲೇ ಹೋದ, ಬ್ರೆಡ್ಡು ತರಲೂ ಕಿತ್ತಳೆಯಲ್ಲೇ ಹೋದ. ದಾರಿಯುದ್ದಕ್ಕೂ 'ಕಾಲು ಸುಮ್ಮನೆ, ಕೈ, ಕೈ' ಎಂಬ ಜಪ. ಎದುರಿಗೆ ಬಂದ ಪಾದ್ರಿಯವರು ತಮಗೆ ಹೇಳಿದ್ದೆಂದುಕೊಂಡು ಕೈಯೆತ್ತಿ ಹರಸಿದರು. ಟಿನೆಕೆ ಅಡುಗೆಮನೆಯ ಕಿಟಕಿಯಿಂದ ಹೊತ್ತಲ್ಲದ ಹೊತ್ತಿನಲ್ಲಿ "ಬೆಕ್ಕು!" ಎಂದು ಕೂಗುವಳು, ಇವನು ತಕ್ಷಣ ಕೈ ಬಿಗಿಯಬೇಕು. ಮೊದಲ ದಿನ ಆರು ಬೆಕ್ಕು ಸತ್ತವು. ಗುರುವಾರದ ಹೊತ್ತಿಗೆ ಒಂದೂ ಸಾಯಲಿಲ್ಲ. ಭಾನುವಾರ ರಾತ್ರಿ ಊಟದ ಮೇಜಿನಲ್ಲಿ ಅವಳು ಸುಮ್ಮನೆ "ಬೆಕ್ಕು" ಎಂದದ್ದಕ್ಕೆ, ಅವನ ಎರಡು ಕೈಗಳೂ ಬಿಗಿದು ಬೇಯಿಸಿದ ಆಲೂಗಡ್ಡೆ ಹಿಟ್ಟಾಯಿತು. ಕಾಲು ಮಾತ್ರ ಅಲ್ಲಾಡಲಿಲ್ಲ. ಕಾಲು ಪೂರ್ತಿ ಪಳಗಿತ್ತು.

ಸೋಮವಾರ ಬಂತು. ಹುಟ್ಟುಹಬ್ಬದ ವೃತ್ತ ವೃತ್ತವೇ ಬೆಟ್ಟದಾಚೆಯ ಪ್ಯಾನ್‌ಕೇಕ್ ಹೋಟೆಲಿನ ಅಂಗಳದಲ್ಲಿ ಕೂತು ಕಾಯುತ್ತಿತ್ತು. ರೂಡ್ ಸಾಕ್ಷಿಯಾಗಿ ಜೊತೆಗೇ ಇಳಿದ. ಸೀಬ್ರಾಂಡ್ ತುದಿಯಲ್ಲಿ ಒಂದು ಉಸಿರು ತೆಗೆದುಕೊಂಡು ಹೊರಟ. ಬೇರು ಬಂತು, ಕಲ್ಲು ಬಂತು, ಆ ಪೊದೆಯೂ ಬಂತು. ಪೊದೆ ಬಾಯಿ ತೆರೆದು ಕಾದಿತ್ತು. ಎರಡು ಬೆರಳು ಮೆಲ್ಲಗೆ ಒತ್ತಿದ. ಕಿತ್ತಳೆ ಹಸುವಿನಂತೆ ತಲೆ ತಗ್ಗಿಸಿ ಎಡಕ್ಕೆ ತಿರುಗಿತು. ತುದಿಯಿಂದ ಬುಡದವರೆಗೆ ಕಾಲು ನೆಲ ಕಾಣಲಿಲ್ಲ.

ರೂಡ್ ಹೆಲ್ಮೆಟ್ ತೆಗೆದು, ಒಪ್ಪಿದೆ, ಆರ್ಡೆನ್ಸ್ ನಿನ್ನದು ಎಂದ. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಸುವುದಕ್ಕೆ ಸೀಬ್ರಾಂಡ್‌ನ ಬಾಯಿ ಬಿಡಬೇಕಲ್ಲ.

ಬುಡದಲ್ಲಿ ಟಿನೆಕೆ ನಿಂತಿದ್ದಳು. ಅವಳ ಸೈಕಲ್ ಪಂಕ್ಚರ್ ಆಗಿದ್ದರಿಂದ ಗಂಡನ ಕಪ್ಪು ಸೈಕಲ್ ಏರಿ ಬಂದಿದ್ದಳು. ಹೋಟೆಲಿನ ತನಕ ನಾನು ಕಿತ್ತಳೆಯಲ್ಲಿ ಬರಲಾ ಎಂದು ಕೇಳಿದಳು. ಚಕ್ರವರ್ತಿ ಜಹಗೀರು ದಯಪಾಲಿಸುವಂತೆ ಅವನು ಬೈಕು ದಯಪಾಲಿಸಿದ. ತಾನು ಕಪ್ಪು ಸೈಕಲ್ ಹತ್ತಿ ರೂಡ್ ಕಡೆ ತಿರುಗಿದ.

"ಇಲ್ಲಿಂದ ಹೋಟೆಲಿನ ಮೇಜಿನ ತನಕಾನೂ ಕಾಲೂರಲ್ಲ, ಪಂದ್ಯ ಕಟ್ತೀಯಾ? ಊರಿದ್ರೆ ಎರಡಲ್ಲ, ಮೂರು ವಾರ ನಿನ್ನ ಕ್ಯಾರವಾನು. ಪಾತ್ರೆನೂ ನಾನೇ ತೊಳೀತೀನಿ."

ರೂಡ್ ಕಪ್ಪು ಸೈಕಲನ್ನು ನೋಡಿದ. "ಇದರ ಮೇಲಾ?"

"ಇದರ ಮೇಲೆ ನಾನು ನಿದ್ದೆಯಲ್ಲೂ ಬೀಳಲ್ಲ."

ಹೋಟೆಲಿಗೆ ದಾರಿ ಒಡ್ಡಿನ ಮೇಲೆ ಹೋಗಿ, ಒಡ್ಡಿನಿಂದ ಇಳಿದು, ಕಾಲುವೆಯಂಚಿನಲ್ಲಿ ಥಟ್ಟನೆ ತಿರುಗಿ ಪುಟ್ಟ ಸೇತುವೆ ದಾಟುತ್ತದೆ. ಆಚೆ ದಡದಲ್ಲಿ ಉಳಿದ ಹನ್ನೆರಡು ಜನ, ಹದಿನೈದು ಪ್ಯಾನ್‌ಕೇಕು. ಸೀಬ್ರಾಂಡ್ ಒಡ್ಡಿನ ಮೇಲಿಂದ ಕೈಬೀಸಿ, ಇಳಿಜಾರಿಗೆ ಬಿಟ್ಟ. ತಿರುವು ಹತ್ತಿರ ಬಂತು. ಕೈ ಬಿಗಿದ.

ಟ್ರಿಣ್ ಟ್ರಿಣ್ ಎಂದಿತು ಗಂಟೆ.

ಇನ್ನೂ ಬಲವಾಗಿ ಬಿಗಿದ. ಟ್ರಿಣ್ ಟ್ರಿಣ್ ಟ್ರಿಣ್. ಅಂಗಳದವರು ಎಷ್ಟು ಖುಷಿಯಲ್ಲಿ ಬರುತ್ತಿದ್ದಾನೆ ನೋಡಿ ಎಂದು ಎದ್ದು ಚಪ್ಪಾಳೆ ತಟ್ಟಿದರು. ಕೆಳಗೆ ಕಾಲುಗಳು, ಒಂಬತ್ತು ದಿನ ಕಲಿತ ಶಿಸ್ತಿನಲ್ಲಿ, ಒಂದಿಷ್ಟೂ ಅಲ್ಲಾಡದೆ ಕೂತಿದ್ದವು. ದಾರಿ ಸೇತುವೆಗೆ ಹೋಯಿತು. ಸೀಬ್ರಾಂಡ್ ನೇರ ಹೋದ.

ನೀರು ಸಮಾಧಾನಕ್ಕೆ ಬಂದಾಗ ಅವನು ಕಾಲುವೆಯ ನಡುವೆ ಸೊಂಟದ ಮೇಲಿನಷ್ಟು ಕಾಣುತ್ತ ನಿಂತಿದ್ದ. ಭುಜದ ಮೇಲೆ ಪಾಚಿಯ ಶಾಲು. ರೂಡ್ ದಡಕ್ಕೆ ಬಂದು ಕುಕ್ಕರುಗಾಲಲ್ಲಿ ಕೂತ.

"ಒಂದೇ ಒಂದು ಪ್ರಶ್ನೆ ಭಾವ. ತೇಲ್ತಾ ಇದೀಯೋ, ನಿಂತಿದೀಯೋ?"

ಸೀಬ್ರಾಂಡ್‌ನ ತನಿಖಾಧಿಕಾರಿ ಬುದ್ಧಿ ಮಿಂಚಿತು. ಕಾಲ ಕೆಳಗಿರುವುದು ನೆಲವಲ್ಲ, ಹೂಳು. ಹೂಳು ನೆಲದ ಲೆಕ್ಕಕ್ಕೆ ಬರುವುದಿಲ್ಲ, ನಿಯಮಾವಳಿಯಲ್ಲೇ ಹಾಗಿದೆ ಎಂದು ನೀರಲ್ಲಿ ನಿಂತೇ ವಾದ ಹೂಡಿದ. ರೂಡ್ ಬಗ್ಗಿ ನೀರಿನೊಳಗೆ ಇಣುಕಿದ. ಸೀಬ್ರಾಂಡ್‌ನ ಕಣ್ಣೆದುರು ಆರ್ಡೆನ್ಸ್ ಮತ್ತೆ ಮೂಡಿತು.

ಆಗ ಹೋಟೆಲಿನ ಒಡತಿ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಹೊರಬಂದಳು. ಹೋದ ಶರತ್ಕಾಲದಲ್ಲಿ, ಈ ಕಾಲುವೆಯ ಹೂಳೆತ್ತಿಸಬೇಕೆಂದು ಅವಳಿಗೆ ಮೂರು ನೋಟೀಸು ಕಳಿಸಿದವನು ಸೀಬ್ರಾಂಡೇ.

"ಸಾರ್, ಖುದ್ದಾಗಿ ತನಿಖೆಗೆ ಇಳಿದಿರಾ?" ಎಂದಳು. "ಹೂಳೆಲ್ಲ ತೆಗೆಸಿಬಿಟ್ಟೆ. ನಿಮ್ಮ ಪತ್ರದಲ್ಲಿ ಇದ್ದ ಹಾಗೇನೇ, ಒಂದು ಮೀಟರ್ ಹತ್ತು ಸೆಂಟಿಮೀಟರ್ ಆಳ. ಕೆಳಗೆ ಈಗ ಬರೀ ಗಟ್ಟಿ ನೆಲ."

ಆ ಹೊತ್ತಿಗೆ ಸರಿಯಾಗಿ ಟಿನೆಕೆ ಕಿತ್ತಳೆಯಲ್ಲಿ ಒಡ್ಡು ಇಳಿದು ಬಂದಳು. ಎರಡು ಬೆರಳು ಒತ್ತಿ, ತಿರುಗಿ, ಸೇತುವೆ ದಾಟಿ, ಗಂಡನ ತಟ್ಟೆಯ ಮುಂದೆ ನಿಲ್ಲಿಸಿದಳು. ಕಾಲುವೆ ಕಡೆಗೊಮ್ಮೆ ನೋಡಿದಳು. ಆಮೇಲೆ ಅಣ್ಣನ ಕಡೆ ತಿರುಗಿ, ಕ್ಯಾರವಾನಿನ ಹಿಂದೆ ಒಂದು ಮೌಂಟನ್ ಬೈಕು ಕಟ್ಟಲು ಜಾಗ ಇದೆಯಾ ಎಂದು ಕೇಳಿದಳು. ಇದು ಇನ್ನು ಮೇಲೆ ತನ್ನದು ಎಂದಳು.

ಫ್ರಿಜ್ಜಿನ ಬಾಗಿಲ ಮೇಲೆ ಆ ಪಟ್ಟಿ ಈಗಲೂ ಇದೆ. ಹಸಿರಿನ ಸಾಲಿನಲ್ಲಿ 'ಬ್ರೇಕು ಹಿಡಿಯುವುದಿಲ್ಲ', ಕಿತ್ತಳೆಯ ಸಾಲಿನಲ್ಲಿ 'ಬ್ರೇಕು ಹಿಡಿಯುವುದಿಲ್ಲ.' ಅದರ ಕೆಳಗೆ, ಏಳನೆಯ ತರಗತಿಯ ಪತ್ರಿಕೆಗಳನ್ನು ತಿದ್ದುವ ಕೆಂಪು ಶಾಯಿಯಲ್ಲಿ, ಹೊಸದೊಂದು ಸಾಲು:

'ಕಪ್ಪು: ಬ್ರೇಕು ಚೆನ್ನಾಗಿದೆ. ಸವಾರನನ್ನು ಬದಲಾಯಿಸಬೇಕು.'