ಸದ್ದು ಕೇಳಿ ನಿಬ್ಬು ತಿದ್ದುವವರು

ಮಾತು ಕಮ್ಮಿ ಇರುವವರ ಬದುಕಿನಲ್ಲಿ ಏನೂ ನಡೆಯುವುದಿಲ್ಲ ಎಂದುಕೊಂಡಿದ್ದೆ. ಒಂದು ಇಂಕ್ ಪೆನ್ ಕೊಂಡ ಮೇಲೆ ಅದು ಸುಳ್ಳೆಂದು ಗೊತ್ತಾಯಿತು. ನಾನು ಸುಮ್ಮನಿದ್ದರೂ ಅದು ಸುಮ್ಮನಿರುವುದಿಲ್ಲ.

೧. ಎಡಗೈ

ಪೆನ್ ಮಾಡುವವರು ಇರುವುದು ನಮ್ಮ ಕರ್ನಾಟಕದ ಒಂದು ಸಣ್ಣ ಊರಿನಲ್ಲಿ. ಮನೆಮಂದಿಯೇ ಕಾರ್ಖಾನೆ. ಮಗಳು ಲೇತಿನಲ್ಲಿ ಪೆನ್ ಕಡೆಯುತ್ತಾಳೆ, ಹೆಂಡತಿ ಪಾಲಿಶ್ ಹಾಕಿ ಪಾರ್ಸೆಲ್ ಕಟ್ಟುತ್ತಾರೆ, ನಾನು ಅಂಕಲ್ ಎನ್ನುವ ಯಜಮಾನರು ನಿಬ್ಬು ತಿದ್ದುತ್ತಾರೆ. ಬೆಲೆ ನಾನಿರುವ ಲಂಡನ್ನಿನಲ್ಲಿ ಇಬ್ಬರು ಕಾಫಿ ಕುಡಿದು ಎದ್ದಷ್ಟು. ಆದರೆ ದುಡ್ಡು ಕಳಿಸಿದರೆ ಸಾಲದು, ಫೋನ್ ಮಾಡಲೇಬೇಕು. ಫೋನೆಂದರೆ ನನಗೆ ಅಂಗೈ ಬೆವರುತ್ತದೆ.

"ಹಲೋ ಅಂಕಲ್, ಪೆನ್ನು..." ಅಷ್ಟೇ ಹೊರಬಂದದ್ದು.

"ಮಾತು ಬೇಡಮ್ಮ. ಮನೇಲಿ ಹಳೇ ಇಂಕ್ ಪೆನ್ ಇದ್ರೆ ತಗೋ. ಫೋನ್ ಪಕ್ಕದಲ್ಲಿಟ್ಟು ನಾಲ್ಕು ಸಾಲು ಬರಿ."

ಬರೆದೆ. ಅಂಕಲ್ ಕೊನೆಯ ಸಾಲಿನವರೆಗೂ ಕೇಳಿದರು. ಆಮೇಲೆ, "ಎಡಗೈ ಅಲ್ವಾ?" ಅಂದರು.

"ನಿಮಗೆ ಹೇಗೆ..."

"ಬಲಗೈಯವ್ರು ನಿಬ್ಬು ಎಳೀತಾರೆ. ನೀನು ತಳ್ತಾ ಇದೀಯ. ಸದ್ದೇ ಬೇರೆ."

ಎರಡು ವರ್ಷದಿಂದ ಆಫೀಸಿನಲ್ಲಿ ನನ್ನ ಎದುರು ಡೆಸ್ಕಿನಲ್ಲಿ ಕೂತವಳಿಗೇ ಇದು ಇನ್ನೂ ಗೊತ್ತಿಲ್ಲ.

೨. ನೀಲಿ ಬೆರಳು

ಈ ಪೆನ್ನಿನ ಹೊಟ್ಟೆಗೆ ನೇರವಾಗಿ ಡ್ರಾಪರಿನಿಂದ ಇಂಕು ತುಂಬಬೇಕು. ಇಂಕು ಕಮ್ಮಿಯಾಗಿ ತಳ ಸೇರಿದಾಗ ಒಳಗಿನ ಗಾಳಿಗೆ ಕೈಬಿಸಿ ತಾಗಿದರೆ ಪೆನ್ನು ತೇಗಿ ಇಂಕು ಕಾರುತ್ತದೆ. ಒಂದು ಬೆಳಗ್ಗೆ ನಮ್ಮ ಇಲ್ಫರ್ಡಿನಿಂದ ಹೊರಟ ಎಲಿಜಬೆತ್ ಲೈನ್ ರೈಲಿನಲ್ಲಿ ಜನ ಒತ್ತಿದ್ದಕ್ಕೆ ಪೆನ್ನನ್ನು ಬ್ಯಾಗಿನಿಂದ ತೆಗೆದು ಮುಷ್ಟಿಯಲ್ಲಿ ಹಿಡಿದು ನಿಂತೆ. ಇಳಿಯುವಷ್ಟರಲ್ಲಿ ಅದು ಚೆನ್ನಾಗಿ ತೇಗಿತ್ತು.

ನನ್ನ ಕೆಲಸ ಆಸ್ಪತ್ರೆಯ ಆಫೀಸಿನಲ್ಲಿ. ಬಾಗಿಲಲ್ಲೇ ಸಿಕ್ಕ ಹಿರಿಯ ನರ್ಸು ನನ್ನ ಬೆರಳು ನೋಡಿ ಬೆಚ್ಚಿದರು. "ಮೈ ಗಾಡ್, ಬೆರಳ ತುದಿಯೆಲ್ಲ ನೀಲಿ! ಆಕ್ಸಿಜನ್ ಇಳಿದಿದೆ! ಕೂತ್ಕೋ. ಮಾತಾಡಬೇಡ!"

ಮಾತಾಡಬೇಡ ಎಂದರೆ ನನ್ನಷ್ಟು ಚೆನ್ನಾಗಿ ಪಾಲಿಸುವವರು ಯಾರು? ಸುಮ್ಮನೆ ಕೂತೆ. ಆಕ್ಸಿಜನ್ ನೋಡುವ ಕ್ಲಿಪ್ಪನ್ನು ನೀಲಿಯಿಲ್ಲದ ಕಿರುಬೆರಳಿಗೆ ಸಿಕ್ಕಿಸಿದರು. ತೊಂಬತ್ತೆಂಟು. "ಮಿಷಿನ್ ಕೆಟ್ಟಿದೆ," ಎಂದು ಇನ್ನೊಂದು ತರಿಸಿದರು. ಅದರಲ್ಲೂ ತೊಂಬತ್ತೆಂಟು. ಕೊನೆಗೆ ಆ ದಾರಿಯಲ್ಲಿ ಬಂದ ಹಿರಿಯ ಡಾಕ್ಟರು ನನ್ನ ಕೈ ಹಿಡಿದು ಮೂಸಿ ನೋಡಿದರು.

"ಪೇಶಂಟ್ ಚೆನ್ನಾಗಿದ್ದಾಳೆ," ಅಂದರು. "ರಕ್ತಸ್ರಾವ ಪೆನ್ನಿಗೆ."

೩. ಆಯುಧ

ಆ ಡಾಕ್ಟರು ರಿಟೈರ್ ಆಗುವ ದಿನ ಬಂತು. ಇಡೀ ವಿಭಾಗದ ಪರವಾಗಿ ದೊಡ್ಡ ಕಾರ್ಡನ್ನು ಕೈಬರಹದಲ್ಲಿ ಬರೆಯಬೇಕು. "ನೀಲಿ ಬೆರಳಿನವಳೇ ಬರೀಲಿ," ಅಂದರು ನರ್ಸು. ಇಲ್ಲಿ ನನ್ನನ್ನೇ ಹುಡುಕಿಕೊಂಡು ಬಂದ ಮೊದಲ ಕೆಲಸ. ಹೇಗಾದರೂ ಚೆನ್ನಾಗಿ ಮಾಡಬೇಕಿತ್ತು. ಶುಕ್ರವಾರ ಮಧ್ಯಾಹ್ನ ಬೀಳ್ಕೊಡುಗೆ, ಗುರುವಾರ ಆಯುಧಪೂಜೆ.

ಅಮ್ಮ ಲ್ಯಾಪ್‌ಟಾಪಿಗೆ, ಕಾರಿಗೆ, ಬಾಯ್ಲರಿಗೆ ಕುಂಕುಮ ಇಟ್ಟು ನನ್ನ ಪೆನ್ನನ್ನೂ ದೇವರ ಮುಂದೆ ಇಟ್ಟಿದ್ದಳು. ಮುಚ್ಚಳ ತೆಗೆದು!

"ಅಮ್ಮಾ, ನಿಬ್ಬಿಗೆ ಯಾಕೆ ಹಚ್ಚಿದೆ?"

"ಮತ್ತೆ? ಕತ್ತಿಗೆ ಇಡೋವಾಗ ಒರೆಗೆ ಇಡ್ತಾರಾ? ನಾಳೆವರೆಗೂ ಮುಟ್ಟಬೇಡ."

ಶುಕ್ರವಾರ ಬೆಳಗ್ಗೆ ಆರಕ್ಕೆ ಎದ್ದು ಬರೆಯಲು ಕೂತರೆ ಒಂದು ಚುಕ್ಕಿಯೂ ಬೀಳಲಿಲ್ಲ. ಹೆದರುವುದಕ್ಕೂ ಪುರುಸೊತ್ತಿರಲಿಲ್ಲ, ಅಂಕಲ್ಲಿಗೆ ಫೋನ್ ಮಾಡಿದೆ. ಫೋನ್ ಪಕ್ಕದಲ್ಲಿ ನಿಬ್ಬು ಕೆರೆದೆ.

"ಕುಂಕುಮ," ಅಂದರು.

"ಅಂಕಲ್! ಅದೂ ಕೇಳಿಸುತ್ತಾ?"

"ಕೇಳಿಸೋದೇನು ಬಂತಮ್ಮ, ಆಯುಧಪೂಜೆ ಮಾರನೇ ದಿನ ಬರೋ ಫೋನೆಲ್ಲ ಅದೇ. ತಣ್ಣೀರಲ್ಲಿ ತೊಳಿ, ಬಿಸಿನೀರು ಬೇಡ. ನಮ್ಮನೇಲೂ ಬಿಡಲ್ಲ ಇವಳು. ಅದಕ್ಕೇ ಪೂಜೆಗೆ ಅಂತ್ಲೇ ನಿಬ್ಬಿಲ್ಲದ ಪೆನ್ನೊಂದು ಮಾಡಿಟ್ಟಿದ್ದೀನಿ."

ತೊಳೆಯುತ್ತ ತೊಳೆಯುತ್ತ ಸಿಂಕಿನಲ್ಲಿ ಮೊದಲು ಕೆಂಪು, ಆಮೇಲೆ ನೀಲಿ ಇಳಿಯಿತು. ಇಂಕು ತುಂಬಿ ಬರೆದೆ. ಪೆನ್ನು ಬೆಣ್ಣೆಯ ಮೇಲೆ ಹೋದಂತೆ ಹೋಯಿತು.

೪. ಒಂದು ಸಾಲು

ಡಾಕ್ಟರು ಕಾರ್ಡಿನ ಮೇಲೆ ಬೆರಳಾಡಿಸಿ ನೋಡಿದರು. "ನನಗೂ ಅಂಥದ್ದೊಂದು ಪೆನ್ ಬೇಕು. ಎಲ್ಲಿ ಸಿಗುತ್ತೆ?"

ರೂಮಿನಲ್ಲಿ ಮೂವತ್ತು ಜನ ನನ್ನತ್ತ ತಿರುಗಿದರು. ವಿವರಿಸುವ ಬದಲು ಫೋನ್ ಮಾಡುವುದೇ ಸುಲಭ ಅನ್ನಿಸಿತು. ನನಗೆ! ಸ್ಪೀಕರ್ ಹಾಕಿದೆ.

"ಅಂಕಲ್, ಇಲ್ಲೊಬ್ಬರಿಗೆ ಪೆನ್ ಬೇಕಂತೆ."

"ಒಂದು ವಾಕ್ಯ ಬರೀಲಿ. ಕೇಳೋಣ."

ನನ್ನ ಪೆನ್ನನ್ನೇ ಕೊಟ್ಟು, ಇಂಗ್ಲಿಷಿನಲ್ಲಿ ಹೇಳಿದೆ. ಜೀವನವಿಡೀ ಊರವರ ಎದೆಗೆ ಕಿವಿಗೊಟ್ಟ ಮನುಷ್ಯ ಈಗ ಪೇಶಂಟಿನ ಹಾಗೆ ಉಸಿರು ಬಿಗಿಹಿಡಿದು ಬರೆದರು. ಎಲ್ಲರೂ ಫೋನಿನತ್ತ ಬಾಗಿದರು.

"ಇನ್ನೊಂದ್ಸಲ," ಅಂದರು ಅಂಕಲ್.

ಮತ್ತೆ ಬರೆದರು.

"ಏನಮ್ಮ, ಇವ್ರು ಡಾಕ್ಟರಾ?"

ನಾನು ಹೇಳಿಯೇ ಇರಲಿಲ್ಲ! "ಹೌದು ಅಂಕಲ್. ಹೇಗೆ ಗೊತ್ತಾಯ್ತು?"

"ಒಂದು ವಾಕ್ಯ ಬರೀಲಿ ಅಂದೆ. ಎರಡು ಸಲಾನೂ ಒಂದೇ ಒಂದು ಗೆರೆ ಎಳೆದ ಸದ್ದು ಬಂತು."

ಕಾಗದ ನೋಡಿದೆ. ನಿಜ. ಈ ತುದಿಯಿಂದ ಆ ತುದಿಗೆ ಒಂದೊಂದು ಗೆರೆ, ನಡುವೆ ಎರಡೆರಡು ಅಲೆ.

"ಏನಂದ? ಏನಂದ?" ಎಂದು ಎಲ್ಲರೂ ಕೇಳತೊಡಗಿದರು. ಇಡೀ ರೂಮು ನನ್ನ ಮಾತಿಗೆ ಕಾಯುತ್ತಿದ್ದದ್ದು ಅದೇ ಮೊದಲು. ಗಂಟಲು ಸರಿಮಾಡಿಕೊಂಡು, ಒಂದಕ್ಷರ ಬಿಡದೆ ಅನುವಾದಿಸಿದೆ. ನರ್ಸು ಮೇಜು ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಡಾಕ್ಟರೇ.

ಆ ಗದ್ದಲದಲ್ಲಿ ಅಂಕಲ್ ಕೂಗುತ್ತಿದ್ದರು: "ನಗಬೇಡಿ ಅಂತ ಹೇಳಮ್ಮ! ಅಂಥ ಕೈಗೂ ನಮ್ಮತ್ರ ನಿಬ್ಬಿದೆ. ನಮ್ಮೂರ ಡಾಕ್ಟರಿಗೆ ಹೋದ ವರ್ಷ ಕೊಟ್ಟೆ. ಮಾರನೇ ದಿನ ಮೆಡಿಕಲ್ ಶಾಪಿನವನು ಮನೆಗೇ ಬಂದು, ಒಂದು ಗೊನೆ ಬಾಳೆಹಣ್ಣು ಇಟ್ಟು, ಕಾಲು ಮುಟ್ಟಿ ಹೋದ!"