ಮೂರು ಮಲಗುವ ಕೋಣೆಯ ಮನೆ

ಎಲ್ಲದಕ್ಕೂ ಕಾರಣ, ಸಂಜೀವಪ್ಪ ತಾನು ಬರೆದ ನಕ್ಷೆಯ ಮೇಲೆ ತಾನೇ ಆಸೆ ಇಟ್ಟದ್ದು. ಯುದ್ಧ ಮುಗಿದ ಮರುವರ್ಷ ಅವನ ಕಾರ್ಖಾನೆಯವರು ಕೆಲಸಗಾರರಿಗೆ ಕ್ವಾರ್ಟರ್ಸ್ ಕಟ್ಟಿಸಲು ಹೊರಟರು. ಗಂಡಹೆಂಡಿರಿಗೊಂದು, ಹೆಣ್ಣುಮಕ್ಕಳಿಗೊಂದು, ಗಂಡುಮಕ್ಕಳಿಗೊಂದು ಎಂದು ಮನೆಗೆ ಮೂರು ಮಲಗುವ ಕೋಣೆ ಬರೆದ ನಕ್ಷೆಗಾರ ಸಂಜೀವಪ್ಪ, ಬರೆಯುತ್ತಲೇ ಮನಸ್ಸಿನಲ್ಲಿ ಅಲ್ಲಿ ಸಂಸಾರ ಹೂಡಿಬಿಟ್ಟ. ಹೆಂಡತಿ ಶಾಂತಕುಮಾರಿ ನಾಲ್ಕು ಮಕ್ಕಳೊಂದಿಗೆ ಮಾಲೂರಿನ ತವರಿನಲ್ಲಿದ್ದಳು. ಹಲಸೂರಿನ ಒಂಟಿ ಕೋಣೆಯಲ್ಲಿ ಅವರನ್ನು ಇಟ್ಟುಕೊಳ್ಳುವುದಾದರೂ ಎಲ್ಲಿ? ಒಬ್ಬನೇ ಬೇಯಿಸಿ, ಗೋಡೆಯ ಜೊತೆ ಮಾತಾಡುತ್ತಾ ಉಂಡು ಅವನಿಗೆ ಸಾಕಾಗಿತ್ತು.

"ಸಂಸಾರ ಜೊತೇಲಿರೋರಿಗೆ ಮಾತ್ರ ಕ್ವಾರ್ಟರ್ಸ್ ಕಣ್ರೀ. ಸಂಜೆ ನಿಮ್ಮನೆಗೆ ಬಂದು ನೋಡ್ತೀನಿ," ಎಂದರು ಇಂಜಿನಿಯರ್ ಆದಿನಾರಾಯಣ, ಒಂದು ಬೆಳಿಗ್ಗೆ ಅವನು ತನಗೂ ಒಂದು ಮನೆ ಕೇಳಿದಾಗ.

ಸಂಜೆಯೊಳಗೆ ಮಾಲೂರಿನಿಂದ ಸಂಸಾರ ಬರುವುದು ಹೇಗೆ? ಸಂಜೀವಪ್ಪ ಮಧ್ಯಾಹ್ನವೇ ಓಡಿಬಂದು ಪಕ್ಕದ ಮನೆ ಗೋವಿಂದಮ್ಮನ ಮುಂದೆ ಗೋಳಾಡಿದ.

"ಅದಕ್ಯಾಕಪ್ಪಾ ಇಷ್ಟು ಯೋಚ್ನೆ? ಮಕ್ಕಳು ವಠಾರದ ತುಂಬಾ ಇದಾವೆ. ನಾನೇ ನಿಮ್ಮಮ್ಮ ಆಗ್ತೀನಿ. ಹೆಂಡ್ತಿ ನೀರಿಗೆ ಹೋಗಿದಾಳೆ ಅಂದ್ಬಿಡು."

ನಾಲ್ಕು ಸಾಕೆಂದರೆ ಒಂಬತ್ತು ಮಕ್ಕಳನ್ನು ತಂದಳು. ಅದರಲ್ಲಿ ವಠಾರದ ತಾಹೇರಾಳ ಇಬ್ಬರು ಮಕ್ಕಳಿಗೆ ಕನ್ನಡವೇ ಬಾರದು. ಅವರ ಬಾಯಿಗೆ ಬೆಲ್ಲ ತುಂಬಿ ಕೂರಿಸಿದಳು. ಸಂಜೆ ಬಂದ ಇಂಜಿನಿಯರ್ ಕಾಲಿಡಲು ಜಾಗವಿಲ್ಲದೆ ಹೊಸ್ತಿಲಲ್ಲೇ ನಿಂತರು. ಕ್ವಾರ್ಟರ್ಸಿನ ಬೀಗದಕೈ ಕೈಗೆ ಬಂದಂತೆಯೇ ಆಯಿತು ಸಂಜೀವಪ್ಪನಿಗೆ.

"ಇಷ್ಟು ಜನ ಇಲ್ಲಿ ಹೇಗಮ್ಮಾ ಮಲಗ್ತೀರಿ?"

ಮನೆಗೆ ಬಂದ ದೊಡ್ಡ ಮನುಷ್ಯರ ಮುಂದೆ ಕಷ್ಟ ಹೇಳಿಕೊಂಡು ಗೋವಿಂದಮ್ಮನಿಗೆ ಅಭ್ಯಾಸವಿರಲಿಲ್ಲ. "ನಮಗೇನು ಸ್ವಾಮಿ ಕಮ್ಮಿ? ಒತ್ತೊತ್ತಿಗೆ ಮಲಗಿದ್ರೆ ಚಳೀನೂ ಆಗಲ್ಲ. ಇನ್ನೂ ನಾಲ್ಕು ಜನ ನೆಂಟರು ಬಂದ್ರೂ ಹಿಡಿಸುತ್ತೆ."

ಸಂಜೀವಪ್ಪ ಬೇಡವೆಂದು ಕೆಮ್ಮಿದ. ಅವಳು ಅವನ ಕೈಗೆ ನೀರಿನ ಚೊಂಬು ಕೊಟ್ಟು, ಕೋಣೆಯ ಗಾಳಿ ಬೆಳಕನ್ನು ಹೊಗಳತೊಡಗಿದಳು.

ಆದಿನಾರಾಯಣರ ಮುಖ ಅರಳಿತು. "ನನ್ನ ಕಣ್ಣು ತೆರೆಸಿಬಿಟ್ರಿ ಸಂಜೀವಪ್ಪ. ಹನ್ನೆರಡು ಜನ ಒಂದೇ ಕೋಣೇಲಿ ಇಷ್ಟು ಸುಖವಾಗಿರೋವಾಗ ಮೂರು ಕೋಣೆ ಯಾಕ್ರೀ? ನಾಳೆ ನಕ್ಷೇನೆಲ್ಲಾ ಒಂದೊಂದು ಕೋಣೆಗೆ ತಿದ್ದಿಬಿಡಿ. ನಿಮಗಂತೂ ಈ ಮನೇನೇ ಸಾಕು."

ದೀಪ ಹಚ್ಚುವ ಹೊತ್ತಿಗೆ ತಾಯಂದಿರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಮಕ್ಕಳನ್ನು ಕರೆದುಕೊಂಡು ಹೋಗತೊಡಗಿದರು. "ಹೆಂಗೆ, ನಿನ್ನ ಮರ್ಯಾದೆ ಉಳಿಸಿದ್ನಾ?" ಎಂದಳು ಗೋವಿಂದಮ್ಮ. ಅವಳನ್ನು ಬೈಯಲು ಸಂಜೀವಪ್ಪನಿಗೆ ಮನಸ್ಸು ಬರಲಿಲ್ಲ. ಖಾಲಿಯಾಗುತ್ತಿದ್ದ ಕೋಣೆಯಲ್ಲಿ ಮಕ್ಕಳು ಬೀಳಿಸಿಹೋದ ಬೆಲ್ಲದ ಚೂರುಗಳನ್ನು ಆರಿಸತೊಡಗಿದ.

ತಾಹೇರಾ ಇನ್ನೂ ಬಂದಿರಲಿಲ್ಲ; ಅವಳ ಚಿಕ್ಕ ಮಗಳು ಅವನ ಚಾಪೆಯ ಮೇಲೆ ನಿದ್ದೆ ಹೋಗಿದ್ದಳು. ಎತ್ತಿಕೊಳ್ಳಲು ಗೋವಿಂದಮ್ಮ ಬಗ್ಗಿದಳು.

"ಅವರಮ್ಮ ಬರೋವರೆಗೂ ಮಲಗಿರ್ಲಿ ಬಿಡಿ," ಎಂದ ಸಂಜೀವಪ್ಪ. "ಇಲ್ಲಿ ಜಾಗ ಬೇಕಾದಷ್ಟಿದೆ."