ಭಾವನ ಪೆಟ್ಟಿಗೆಗೆ ನೀರು ಹಾಕಿದವನು

ಪೆಟ್ಟಿಗೆಯಲ್ಲಿ ಸಿಗಾರ್ ಇಲ್ಲವೆಂಬುದು ತಿಳಿದದ್ದು ಭಾವ ತೀರಿಕೊಂಡು ಸರಿಯಾಗಿ ಒಂದು ವರ್ಷ ತುಂಬಿದ ದಿನ ಬೆಳಿಗ್ಗೆ. ಒಂದು ನಷ್ಟವನ್ನು ಹೇಗೋ ನುಂಗಿಕೊಂಡು ವರ್ಷ ಕಳೆದ ಮನೆಗೆ ದೇವರು ಅದೇ ತಾರೀಖಿನಂದು ಇನ್ನೊಂದನ್ನು ತೋರಿಸಿದ. ಮೊದಲನೆಯದಕ್ಕೆ ಯಾರನ್ನೂ ದೂರುವಂತಿರಲಿಲ್ಲ. ಅದು ಅವನ ಇಚ್ಛೆ. ಎರಡನೆಯದಕ್ಕೆ ದೂರಲು ಬೇಕಾದಷ್ಟು ಜನರಿದ್ದರು. ಅವರಲ್ಲಿ ಮೊದಲಿಗನೆಂದರೆ ಪೆಟ್ಟಿಗೆಯ ಬೀಗದ ಕೈಯನ್ನು ಕೊರಳಲ್ಲಿ ಕಟ್ಟಿಕೊಂಡು ಓಡಾಡುತ್ತಿದ್ದ ಭಾವಮೈದುನ.

ಪೇಟೆಯ ತಿರುವಿನಲ್ಲಿ ಅವನದೊಂದು ಕನ್ನಡಕದ ಅಂಗಡಿ. ಊರಿಗೆಲ್ಲ ಅವನು ಕನ್ನಡಕದವನು, ಅಕ್ಕ ಭಾವಂದಿರಿಗೆ ಮಾತ್ರ ಪುಟ್ಟ. ಪುಟ್ಟನಿಗೆ ಐವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಊರವರ ಕಣ್ಣಿನ ದೋಷವನ್ನೆಲ್ಲ ಹಿಡಿಯುವವನಿಗೆ ಎದುರಿಗೆ ನಡೆಯುವುದು ಮಾತ್ರ ಕಾಣುವುದಿಲ್ಲ ಎಂದು ಅಕ್ಕ ಹೇಳುವುದಿತ್ತು. ಭಾವ ಹೋದ ಮೇಲೆ ಅಕ್ಕ ಒಬ್ಬಳೇ ಆದಳೆಂದು ಅಂಗಡಿಯ ಹಿಂದಿನ ಕೋಣೆ ಬಿಟ್ಟು ಅವಳ ಮನೆಗೇ ಬಂದು ಸೇರಿಕೊಂಡಿದ್ದ.

ಭಾವ ಬಂದರು ಕಚೇರಿಯಿಂದ ನಿವೃತ್ತರಾದಾಗ ಯಾವುದೋ ಹಡಗಿನ ಕಪ್ತಾನ ಪ್ರೀತಿಯಿಂದ ಕೊಟ್ಟದ್ದು ಆ ಸಿಗಾರ್ ಪೆಟ್ಟಿಗೆ. ಭಾರವಾದ ಮರ, ಬಿಗಿಯಾದ ಮುಚ್ಚಳ, ತೇವ ಉಳಿಯಲೆಂದು ಹೊರಗಿನಿಂದಲೇ ನೀರು ಹಾಕಲು ತಳದಲ್ಲೊಂದು ಪುಟ್ಟ ಖಾನೆ. ಅದು ಬಂದ ಸ್ವಲ್ಪ ದಿನಕ್ಕೆ ವೈದ್ಯರು ಭಾವನ ಎದೆಗೆ ಕೊಳವೆ ಇಟ್ಟು ನೋಡಿ ತಲೆ ಅಲ್ಲಾಡಿಸಿದರು. ಭಾವ ಅಂದೇ ದೇವರೆದುರು ನಿಂತು, ಅಕ್ಕನೂ ಮೂವರು ಗೆಳೆಯರೂ ಕೇಳುವಂತೆ, ಇನ್ನು ಹೊಗೆ ಮುಟ್ಟುವುದಿಲ್ಲವೆಂದು ಮಾತು ಕೊಟ್ಟು ಪೆಟ್ಟಿಗೆಗೆ ಬೀಗ ಹಾಕಿದರು. ತಾನು ಹೋದ ಮೇಲೆ ಮೊದಲ ವರ್ಷದ ದಿನ ಗೆಳೆಯರು ಬಂದು ತನ್ನ ಹೆಸರಿನಲ್ಲಿ ಒಂದೊಂದು ಸೇದಲಿ ಎಂದರು. ಅಂಥ ಗಟ್ಟಿ ಮನಸ್ಸನ್ನು ಗೆಳೆಯರು ಅದುವರೆಗೆ ಕಂಡಿರಲಿಲ್ಲ. ಅಕ್ಕನಿಗಂತೂ ನಾಲ್ಕು ಜನರೆದುರು ಹೇಳಿಕೊಳ್ಳಲು ಅದಕ್ಕಿಂತ ದೊಡ್ಡ ಆಸ್ತಿ ಇರಲಿಲ್ಲ.

ಕೊನೆಯ ದಿನಗಳಲ್ಲಿ ಭಾವ ಬೀಗದ ಕೈಯನ್ನು ಭಾವಮೈದುನನಿಗೆ ಕೊಟ್ಟರು.

"ಮುಚ್ಚಳ ಮಾತ್ರ ತೆಗೀಬೇಡ ಪುಟ್ಟ. ಗಾಳಿ ಹೊಕ್ಕರೆ ಒಣಗಿ ತರಗಾಗ್ತವೆ. ಕೆಳಗಿನ ಖಾನೆಗೆ ದಿನಾ ಒಂದು ಚಮಚ ನೀರು ಹಾಕು, ಸಾಕು."

ಅವನು ಹಾಕಿದ. ಜ್ವರ ಬಂದಾಗಲೂ ಗೋಡೆ ಹಿಡಿದುಕೊಂಡು ಎದ್ದು ಹಾಕಿದ. ಗೆಳೆಯರಾದರೋ ಬಂದಾಗಲೆಲ್ಲ ಸಲಹೆ ಕೊಟ್ಟರು. ಕಾಯಿಸಿ ಸೋಸಿದ ನೀರನ್ನೇ ಹಾಕಬೇಕೆಂದು ಔಷಧಿ ಅಂಗಡಿಯವರು ಹೇಳಿದರು. ಅವನು ಕಾಯಿಸಿ ಸೋಸಿದ. ಬೆಲೆಬಾಳುವ ವಸ್ತುವನ್ನು ಒಂದೇ ಕಡೆ ಇಡಬಾರದು, ಕಳ್ಳ ಲೆಕ್ಕ ಹಾಕುತ್ತಾನೆ ಎಂದು ನಿವೃತ್ತ ಇನ್‌ಸ್ಪೆಕ್ಟರು ಹೇಳಿದರು. ಅವನು ಪೆಟ್ಟಿಗೆಯನ್ನು ಮಂಚದಡಿಯಿಂದ ಅಟ್ಟಕ್ಕೆ, ಅಟ್ಟದಿಂದ ಕಪಾಟಿಗೆ ಹೊತ್ತು ತಿರುಗಿಸಿದ. ಮೂರನೆಯವರು ಪಕ್ಕದ ಮನೆಯ ಗಣಿತದ ಮೇಷ್ಟ್ರು. ಕಾರು ರಿಪೇರಿಯನ್ನು ಪುಸ್ತಕ ಓದಿ ಕಲಿತವರಾದ್ದರಿಂದ ಅವರಿಗೆ ಸ್ಪ್ಯಾನರ್ ಮೇಷ್ಟ್ರೆಂದೇ ಹೆಸರು. ಪೆಟ್ಟಿಗೆಯ ಕೀಲುಗಳಿಗೆ ಗ್ರೀಸ್ ಹಚ್ಚಬೇಕೆಂದು ಅವರು ಹೇಳಿದರು, ಅದನ್ನೂ ಹಚ್ಚಿದ.

ಮೇಷ್ಟ್ರಿಗೆ ಆ ಮನೆಯ ಮೇಲೆ ಇನ್ನೊಂದು ಹಕ್ಕೂ ಇತ್ತು. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಭಾವನ ಹಳೇ ಕಾರು ನಿಂತಿತ್ತು. ನಿವೃತ್ತಿಯಾದ ಮೇಲೆ ಭಾವ ಸಂಜೆಯಾದರೆ ಗೋಣಿಚೀಲ ಹಾಸಿಕೊಂಡು ಅದರ ಅಡಿಗೆ ನುಸುಳುತ್ತಿದ್ದರು. ಏನು ಬಿಚ್ಚಿದರೂ ಏನು ಬಿಗಿದರೂ ಆ ಕಾರಿನ ಹೊಗೆ ಮಾತ್ರ ನಿಲ್ಲಲಿಲ್ಲ. ಪಿಸ್ಟನ್ ರಿಂಗ್ ಸವೆದಿದೆ ಎಂದು ಮೇಷ್ಟ್ರು ಹೇಳುತ್ತಿದ್ದರು. ಆಯಿಲ್ ಕಲಬೆರಕೆ ಎಂದು ಔಷಧಿ ಅಂಗಡಿಯವರು ಹೇಳುತ್ತಿದ್ದರು. ಎಂಜಿನ್ನೇ ಕದ್ದ ಮಾಲಿರಬಹುದು ಎಂಬುದು ಇನ್‌ಸ್ಪೆಕ್ಟರ ಅಭಿಪ್ರಾಯ. ಎಲ್ಲಕ್ಕೂ ಕಾರಿನ ಅಡಿಯಿಂದ ಹೌದು ಹೌದು ಎಂಬ ಉತ್ತರ ಬರುತ್ತಿತ್ತು. ಭಾವ ಹೋದ ಮೇಲೆ ಮೇಷ್ಟ್ರೇ ಆಗಾಗ ಬಂದು ಬ್ಯಾಟರಿ ಸಾಯದಂತೆ ಎಂಜಿನ್ ಚಾಲೂ ಮಾಡಿ ಹೋಗುತ್ತಿದ್ದರು. ಈಗ ಕಾರು ಹೊಗೆ ಬಿಡುತ್ತಿರಲಿಲ್ಲ. ತಾನು ಕೊನೆಗೆ ಹೇಳಿದ ಆಯಿಲ್ ಈಗ ಕೆಲಸ ಮಾಡುತ್ತಿದೆ, ನೋಡಲು ಅವರೇ ಇಲ್ಲವಲ್ಲ ಎಂದು ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತಿದ್ದರು.

ಇರಲಿ. ಸಂಜೆಯ ಪ್ರಾರ್ಥನೆಗೆ ಗೆಳೆಯರು ಬರುತ್ತಾರೆಂದು ಕನ್ನಡಕದವನು ಬೆಳಿಗ್ಗೆಯೇ ಸ್ನಾನ ಮುಗಿಸಿ, ದೇವರಿಗೆ ಕೈ ಮುಗಿದು, ಮೊದಲ ಬಾರಿಗೆ ಬೀಗ ತೆಗೆದ. ಒಳಗೆ ಹಳೇ ಬಟ್ಟೆಯಲ್ಲಿ ಸುತ್ತಿದ ಗಂಟುಗಳು. ಬಿಚ್ಚಿದರೆ ಕಾರಿನ ಸವೆದ ಸ್ಪಾರ್ಕ್ ಪ್ಲಗ್ಗು, ನಟ್ಟು, ಬೋಲ್ಟು. ವರ್ಷವೆಲ್ಲ ಶುದ್ಧ ನೀರು ಕುಡಿದು ಒಂದೊಂದೂ ಕೆಂಪಗೆ ತುಕ್ಕು ಹಿಡಿದಿತ್ತು.

ಬೀಗ ಭದ್ರವಾಗಿದೆ, ಕೈ ಕೊರಳಲ್ಲಿದೆ, ಸರಕು ಇಲ್ಲ. ಗೆಳೆಯರ ಮಾತು ಹಾಗಿರಲಿ, ಅಕ್ಕ ಏನೆಂದುಕೊಂಡಾಳು? ಗಂಡ ಪ್ರಾಣ ಹೋಗುವವರೆಗೂ ಮುಟ್ಟದೆ ಉಳಿಸಿದ್ದನ್ನು ಒಡಹುಟ್ಟಿದವನೇ ತೆಗೆದನೆಂದು ತಿಳಿದರೆ ಆ ಮನೆಯಲ್ಲಿ ಅವನು ತಲೆ ಎತ್ತಿ ಒಂದು ಲೋಟ ನೀರು ಕೇಳುವಂತಿರಲಿಲ್ಲ.

ಪೆಟ್ಟಿಗೆ ಮುಚ್ಚಿ, ಯಾರಿಗೂ ಅನುಮಾನ ಬಾರದಂತೆ ವಿಚಾರಿಸೋಣವೆಂದು ಔಷಧಿ ಅಂಗಡಿಗೆ ಹೋದ. ಅಲ್ಲಿ ತಲೆನೋವಿನ ಗುಳಿಗೆ ಕೇಳಿ, ಆಕಳಿಸಿ, ಹೋಗುವವನಂತೆ ತಿರುಗಿ ಕೇಳಿದ.

"ಅಲ್ಲಾ ಸ್ವಾಮಿ, ತೇವ ಜಾಸ್ತಿಯಾದ್ರೆ ಸಿಗಾರ್ ಕರಗಿ ಹೋಗೋದುಂಟೇ?"

ಔಷಧಿ ಅಂಗಡಿಯವರು ಇಂಥ ಪ್ರಶ್ನೆಗಾಗಿಯೇ ಕಾದಿದ್ದವರಂತೆ ಎದ್ದು ನಿಂತರು. ತೇವ ಜಾಸ್ತಿಯಾದರೆ ಬೂಸ್ಟು, ಕಡಿಮೆಯಾದರೆ ಬಿರುಕು, ಸೆಕೆಯಾದರೆ ಹುಳು. ಒದ್ದೆ ಬಟ್ಟೆ ತಪ್ಪು, ಫ್ರಿಜ್ಜು ಮಹಾ ತಪ್ಪು ಎಂದು ಬಹಳ ಹೊತ್ತು ವಿವರಿಸಿದರು. ವಿವರಿಸುತ್ತಲೇ ಅವರ ಮುಖದಲ್ಲಿ ನಿಧಾನವಾಗಿ ಬೇರೊಂದು ಯೋಚನೆ ಏರಿತು.

"ಕರಗೋದು ಅಂದ್ರೆ? ಪೂರ್ತಿ ಕರಗೋದಾ?"

"ಸುಮ್ಮನೆ ಕೇಳಿದೆ."

"ಹೌದೌದು. ನಾನೂ ಸುಮ್ಮನೆ ಕೇಳಿದೆ."

ಕನ್ನಡಕದವನು ಮನೆ ಮುಟ್ಟುವ ಮೊದಲೇ, ಔಷಧಿ ಅಂಗಡಿಯಿಂದ ಫೋನ್ ಹೋಗಿ, ಇನ್‌ಸ್ಪೆಕ್ಟರು ಅಲ್ಲಿ ಮುಟ್ಟಿದ್ದರು. ಮಿರಿಮಿರಿ ಹೊಳೆಯುವ ಬೂಟು, ಕಂಕುಳಲ್ಲಿ ಕೋಲು, ಮುಂದೆ ಅವರಿಗಿಂತ ಒಂದು ಹೆಜ್ಜೆ ಮೊದಲೇ ನಡೆಯುವ ಹೊಟ್ಟೆ. ಹಿಂದೆಯೇ ಔಷಧಿ ಅಂಗಡಿಯವರು ಕದ ಅರ್ಧಕ್ಕೆ ಹಾಕಿ ಬಂದರು. ಪೆಟ್ಟಿಗೆ ತರಿಸಿದರು, ತೆರೆಸಿದರು. ಅಕ್ಕ ಬಾಗಿಲಿಗೆ ಬಂದು ಒಮ್ಮೆ ಪೆಟ್ಟಿಗೆ ನೋಡಿದಳು, ಒಮ್ಮೆ ತಮ್ಮನ ಮುಖ ನೋಡಿದಳು. ಆ ನೋಟ ಅವನಿಗೆ ಇನ್‌ಸ್ಪೆಕ್ಟರ ಕೋಲಿಗಿಂತ ಜೋರಾಗಿ ತಾಗಿತು.

ಪೊಲೀಸ್ ಕೆಲಸದ ಬಗ್ಗೆ ಇನ್‌ಸ್ಪೆಕ್ಟರಿಗೆ ಖಚಿತವಾದ ಅಭಿಪ್ರಾಯಗಳಿದ್ದವು. ದೂರು ಹೇಳಿದವನನ್ನು ಮೊದಲು ಹಿಡಿಯಬೇಕು, ದೂರು ಹೇಳದವನನ್ನು ಅದಕ್ಕಿಂತ ಮೊದಲು ಹಿಡಿಯಬೇಕು ಎಂದರು. ಬೆವರುವವನು ಕಳ್ಳ, ಬೆವರದೆ ಇರುವವನು ಪಳಗಿದ ಕಳ್ಳ. ಕನ್ನಡಕದವನು ಹಣೆ ಒರೆಸಿಕೊಂಡ, ಆಮೇಲೆ ಒರೆಸಿಕೊಂಡದ್ದೇ ತಪ್ಪಾಯಿತೇನೋ ಎಂದು ಕೈ ಇಳಿಸಿದ.

"ಪ್ಲಗ್ಗು, ನಟ್ಟು, ಬೋಲ್ಟು," ಎಂದು ಇನ್‌ಸ್ಪೆಕ್ಟರು ಒಂದೊಂದನ್ನೇ ಕೋಲಿನ ತುದಿಯಿಂದ ಸರಿಸಿದರು. "ಇವೆಲ್ಲ ಯಾರ ಮನೇಲಿ ಸಿಗ್ತವೆ?"

ಅದೇ ಹೊತ್ತಿಗೆ ಬೇಲಿಯಾಚೆಯಿಂದ ಕೇಳುತ್ತಿದ್ದ ಸ್ಪ್ಯಾನರ್ ಮೇಷ್ಟ್ರು ಒಳಗೆ ಬಂದರು. ಮಾತಿಗೆ ಮಾತು ಬೆಳೆಯಿತು. ನಲವತ್ತು ವರ್ಷ ಹುಡುಗರಿಗೆ ಲೆಕ್ಕ ಕಲಿಸಿದವನು ತಾನು, ಸಿಗಾರ್ ಕದಿಯುವವನಲ್ಲ, ಬೇಕಾದರೆ ಶೆಡ್ಡನ್ನೇ ತಲಾಷ್ ಮಾಡಿಕೊಳ್ಳಿ ಎಂದರು.

"ಶೆಡ್ ಯಾಕೆ?" ಅಕ್ಕ ಮೊದಲ ಸಲ ಬಾಯಿ ಬಿಟ್ಟಳು. "ಅಲ್ಲಿ ಏನಿದೆ, ಧೂಳು. ಸಂಜೆ ಪ್ರಾರ್ಥನೆಗೆ ಅಣಿ ಮಾಡೋದಿದೆ, ಕೂತ್ಕೊಳ್ಳಿ ಎಲ್ಲರೂ."

ಬೇಡವೆಂದ ಕಡೆಗೇ ಹೋಗಬೇಕೆಂಬುದು ಇನ್‌ಸ್ಪೆಕ್ಟರ ಇನ್ನೊಂದು ಅಭಿಪ್ರಾಯ. ಎಲ್ಲರೂ ಶೆಡ್ಡಿಗೆ ನಡೆದರು. ಡಿಕ್ಕಿ ತೆಗೆದರು, ಸೀಟು ಎತ್ತಿದರು, ಬಾನೆಟ್ಟಿನೊಳಗೆ ಔಷಧಿ ಅಂಗಡಿಯವರು ಮೂಗಿಟ್ಟು ನೋಡಿದರು. ಏನೂ ಇಲ್ಲ. ಉಳಿದದ್ದು ಕಾರಿನ ಅಡಿ. ಇನ್‌ಸ್ಪೆಕ್ಟರ ಹೊಟ್ಟೆ ಅಲ್ಲಿಗೆ ಹೋಗುವಂತಿರಲಿಲ್ಲ. ಮೇಷ್ಟ್ರಿಗೆ ಸೊಂಟ ಬಗ್ಗುತ್ತಿರಲಿಲ್ಲ; ಅವರ ರಿಪೇರಿಯೆಲ್ಲ ನಿಂತುಕೊಂಡೇ ಹೇಳುವಂಥದ್ದು. ಔಷಧಿ ಅಂಗಡಿಯವರು ಬಿಳಿ ಅಂಗಿ ಹಾಕಿದ್ದರು. ಕಡ್ಡಿಯಂತಿದ್ದವನು ಆಪಾದಿತನೊಬ್ಬನೇ. ಅವನೇ ಗೋಣಿಚೀಲ ಹಾಸಿಕೊಂಡು ಅಂಗಾತ ನುಸುಳಿದ.

ಒಳಗೆ ಮಬ್ಬು ಬೆಳಕು. ತಲೆಗೆ ಏನೋ ಮೆತ್ತಗೆ ತಾಗಿತು. ನೋಡಿದರೆ ಹಳೇ ಪರದೆ ಬಟ್ಟೆಯಲ್ಲಿ ಹೊಲಿದ ಪುಟ್ಟ ದಿಂಬು. ಮೇಲೆ ಕಬ್ಬಿಣದ ಸಂದಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿ. ಮುಚ್ಚಳ ಸರಿಸಿದ. ಚಿನ್ನದ ಬಣ್ಣದ ಕಾಗದದ ಉಂಗುರಗಳು, ಬೆಂಕಿಪೆಟ್ಟಿಗೆ, ಮತ್ತು ತುಂಡುಗಳು. ಬೆರಳು ಸುಡುವವರೆಗೂ ಆಸೆಯಿಂದ ಸೇದಿದ ಸಿಗಾರ್ ತುಂಡುಗಳು.

ಕನ್ನಡಕದವನಿಗೆ ಆ ಕತ್ತಲಲ್ಲಿ ಎಲ್ಲವೂ ಕಂಡಿತು. ಕಾರಿಗೆ ಯಾವ ರೋಗವೂ ಇರಲಿಲ್ಲ. ಹೊಗೆ ಬಿಟ್ಟದ್ದು ಕಾರೇ ಅಲ್ಲ.

"ಏನು ಸಿಕ್ಕಿತು?" ಎಂದು ಮೇಲಿನಿಂದ ಇನ್‌ಸ್ಪೆಕ್ಟರು ಕೇಳಿದರು.

"ಏನೂ ಇಲ್ಲ," ಎಂದ. ಹೇಳಿದ ಬಾಯಿ ಮುಚ್ಚುವ ಮೊದಲೇ ಡಬ್ಬಿ ಕೈಜಾರಿ ನೆಲಕ್ಕೆ ಬಿತ್ತು. ತುಂಡೊಂದು ಉರುಳುತ್ತಾ ಹೋಗಿ ಹೊಳೆಯುವ ಬೂಟಿನ ತುದಿಗೆ ತಾಗಿ ನಿಂತಿತು.

ಅಡಿಯಿಂದ ಅವನಿಗೆ ಕಾಣುತ್ತಿದ್ದದ್ದು ಕಾಲುಗಳು ಮಾತ್ರ. ಬೂಟು ಮುಂದೆ ಬಂತು. ಔಷಧಿ ಅಂಗಡಿಯವರ ಚಪ್ಪಲಿ ಹಿಂದೆ ಸರಿಯಿತು. ಬಾಗಿಲ ಬಳಿ ಅಕ್ಕನ ಬರಿಗಾಲುಗಳು ಅಲುಗದೆ ನಿಂತಿದ್ದವು.

"ಇಲ್ಲಿ ಮಲಗಿ ಯಾರೋ ಸೇದಿದ್ದಾರೆ," ಎಂದರು ಇನ್‌ಸ್ಪೆಕ್ಟರು, ನಿಧಾನವಾಗಿ. "ಈ ಕಾರಿನ ಕೆಳಗೆ ಹಿಡಿಸೋ ಮನುಷ್ಯ ಈ ಮನೇಲಿ ಒಬ್ಬನೇ. ಬೀಗದ ಕೈ ಇರೋದೂ ಅವನ ಹತ್ತಿರಾನೇ. ಅಥವಾ ಇನ್ನೊಬ್ಬರು ಯಾರಾದ್ರೂ ಇದ್ರೇನಪ್ಪಾ?"

ಇದ್ದರು. ಒಂದು ಮಾತು ಹೇಳಿದರೆ ಸಾಕು, ಅವನು ಬಚಾವು. ಆದರೆ ಆ ಒಂದು ಮಾತಿಗೆ ಅಕ್ಕನ ಪಾಲಿಗೆ ಭಾವ ಇನ್ನೊಮ್ಮೆ ಸಾಯುತ್ತಿದ್ದರು. ಸತ್ತವರು ಎದ್ದು ಬಂದು ತಮ್ಮ ಪರವಾಗಿ ಹೇಳಿಕೊಳ್ಳಲಾರರು. ಅವನು ಕಣ್ಣು ಮುಚ್ಚಿ ದೇವರನ್ನು ನೆನೆದ.

"ಇಲ್ಲ," ಎಂದ, ಕಾರಿನ ಅಡಿಯಿಂದಲೇ. "ನಾನೇ ಸೇದಿದ್ದು. ಎಲ್ಲಾ ನಾನೇ."

ಇನ್‌ಸ್ಪೆಕ್ಟರಿಗೆ ಬೆಳಿಗ್ಗೆಯೇ ಗೊತ್ತಿತ್ತಂತೆ. ಹಾಗೆಂದು ಮೂರು ಸಲ ಹೇಳಿದರು. ಔಷಧಿ ಅಂಗಡಿಯವರು ತುಂಡನ್ನು ಮೂಸಿ, ಒಳ್ಳೇ ಮಾಲು, ತೇವ ಚೆನ್ನಾಗಿ ಕಾಪಾಡಿದ್ದಾನೆ, ಕಳ್ಳನಾದರೂ ಕೆಲಸ ಬಲ್ಲವನು ಎಂದರು.

"ನಿಮ್ಮ ಭಾವನಂಥವರ ಮನೇಲಿ ನಿನ್ನಂಥವನಾ," ಎಂದು ಮೇಷ್ಟ್ರು ಮುಖ ತಿರುಗಿಸಿದರು.

ಸಂಜೆಯ ಪ್ರಾರ್ಥನೆಯಲ್ಲಿ ಮೂವರೂ ಗೆಳೆಯನ ಗಟ್ಟಿ ಮನಸ್ಸನ್ನು ಹೊಗಳಿದರು. ಹೊಗಳಿಕೆಯ ಪ್ರತಿ ಸಾಲಿಗೂ ಮೂವರ ಕಣ್ಣೂ ಮೂಲೆಯಲ್ಲಿ ನಿಂತವನ ಕಡೆ ಹೊರಳುತ್ತಿತ್ತು. ಹೋಗುವಾಗ ಇನ್‌ಸ್ಪೆಕ್ಟರು, ಒಮ್ಮೆ ರುಚಿ ಹತ್ತಿದವನನ್ನು ನಂಬಬಾರದು, ಇನ್ನು ಮೇಲೆ ಸಂಜೆ ಹೊತ್ತು ಈ ಕಡೆ ಒಂದು ಸುತ್ತು ಹಾಕುತ್ತಿರುತ್ತೇನೆ ಎಂದು ಅಕ್ಕನಿಗೆ ಧೈರ್ಯ ಹೇಳಿದರು.

ಬಾಗಿಲು ಹಾಕಿ ಅಕ್ಕ ಒಳಗೆ ಬಂದಳು. ತಮ್ಮ ತಲೆ ತಗ್ಗಿಸಿ ಬೈಗುಳಕ್ಕೆ ಕಾದು ನಿಂತ. ಅಕ್ಕ ಶೆಡ್ಡಿನಿಂದ ತಂದಿಟ್ಟಿದ್ದ ಆ ಪುಟ್ಟ ದಿಂಬಿನ ಧೂಳು ಕೊಡವಿ ಅವನ ಕೈಗೆ ಕೊಟ್ಟಳು.

"ಇದನ್ನ ಮತ್ತೆ ಅಲ್ಲೇ ಇಡು. ಕತ್ತು ನೋಯ್ತದೆ ಅಂತ ನಾನೇ ಹೊಲಿದು ಕೊಟ್ಟಿದ್ದು."

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಕೂರಲು ಕುರ್ಚಿ ಹುಡುಕಿದ.

"ನಿನಗೆ ಗೊತ್ತಿತ್ತಾ ಅಕ್ಕ?"

"ಸೀಮೆಎಣ್ಣೆ ಬಟ್ಟೇಲಿ ಕೈ ಒರೆಸಿಕೊಂಡು ಬಂದ್ರೆ ಚುರುಟಿನ ವಾಸನೆ ಹೋಗ್ತದಾ? ನನಗೇನು ಮೂಗಿಲ್ಲವಾ? ವೈದ್ಯರು ಕೊನೆಗೆ ಹೇಳಿದ್ರು, ಇನ್ನು ಬಿಟ್ಟರೂ ಒಂದೇ, ಬಿಡದಿದ್ದರೂ ಒಂದೇ ಅಂತ. ಇದ್ದ ಒಂದು ಸುಖ, ಇರಲಿ ಅಂತ ಸುಮ್ಮನಿದ್ದೆ."

"ಹಾಗಾದ್ರೆ ಅಷ್ಟು ಜನರ ಮುಂದೆ ಒಂದು ಮಾತು ಹೇಳಬಾರದಿತ್ತಾ? ನನ್ನ ಮರ್ಯಾದೆ ಹೋಯ್ತಲ್ಲ."

"ಅವರ ಮಾತು ನಾಲ್ಕು ಜನರ ಎದುರು ಉಳೀಬೇಕಿತ್ತು ಪುಟ್ಟ. ನಿನ್ನದಕ್ಕೇನು, ಉಳಿದರೂ ಅಷ್ಟೇ ಹೋದರೂ ಅಷ್ಟೇ." ಅಕ್ಕನ ದನಿ ಸ್ವಲ್ಪ ಮೆತ್ತಗಾಯಿತು. "ವರ್ಷವೆಲ್ಲ ಚಮಚ ಹಿಡಿದು ಆ ಪೆಟ್ಟಿಗೆಗೆ ನೀರು ಹಾಕ್ತಿದ್ದೆಯಲ್ಲ. ಅಳು ಬಂದಾಗಲೆಲ್ಲ ಬಾಗಿಲ ಮರೇಲಿ ನಿಂತು ಅದನ್ನ ನೋಡಿ ನಗ್ತಿದ್ದೆ. ಅದೊಂದು ಇಲ್ಲದಿದ್ರೆ ಈ ವರ್ಷ ನನಗೆ ಕಳೀತಿರಲಿಲ್ಲ."

ಅವನು ದಿಂಬನ್ನು ತಿರುಗಿಸಿ ತಿರುಗಿಸಿ ನೋಡಿದ. ಕೋಪ ಮಾಡಿಕೊಳ್ಳಬೇಕೆಂದುಕೊಂಡ, ಬರಲಿಲ್ಲ.

"ಆದ್ರೆ ಇದನ್ನ ಮತ್ತೆ ಅಲ್ಲಿ ಯಾಕೆ ಇಡೋದು? ನಾನು ಸೇದಲ್ಲವಲ್ಲ."

"ಅದು ನನಗೆ ಗೊತ್ತು. ಊರಿಗೆ ಗೊತ್ತಾ? ಇನ್‌ಸ್ಪೆಕ್ಟರು ಸಂಜೆ ಸುತ್ತು ಹಾಕ್ತೀನಿ ಅಂದಿದ್ದಾರೆ. ಬಂದು ನೋಡಿದಾಗ ನೀನು ಹಾಯಾಗಿ ಜಗಲಿ ಮೇಲೆ ಕೂತಿದ್ರೆ ಅವರಿಗೆ ಅನುಮಾನ ಬರಲ್ವಾ? ಯೋಚನೆ ಮಾಡ್ತಾ ಮಾಡ್ತಾ ನಿಮ್ಮ ಭಾವನವರೆಗೆ ಹೋಗಿಬಿಡ್ತಾರೆ. ನಾಳೆಯಿಂದ ಅಂಗಡಿ ಮುಚ್ಚಿ ಬಂದು ಸ್ವಲ್ಪ ಹೊತ್ತು ಕಾರಿನ ಕೆಳಗೆ ಮಲಗು. ಒಂದು ತಟ್ಟೇಲಿ ಒದ್ದೆ ಎಲೆ ಹಾಕಿ ಬೆಂಕಿ ಹಚ್ಕೊಂಡ್ರೆ ಹೊಗೆ ತಾನಾಗೇ ಬರುತ್ತೆ."

ಮರುದಿನ ಸಂಜೆ ಶೆಡ್ಡಿನಿಂದ ನೀಲಿ ಹೊಗೆ ಎದ್ದಿತು. ಬೇಲಿಯಾಚೆ ಇನ್‌ಸ್ಪೆಕ್ಟರ ಬೂಟು ನಿಂತು, ಹೂಂ ಎಂದು ಮುಂದೆ ಹೋಯಿತು. ಅದರ ಹಿಂದೆಯೇ ಮೇಷ್ಟ್ರ ಧ್ವನಿ ಕೇಳಿಸಿತು: ಹೊಗೆ ಮತ್ತೆ ಶುರುವಾಯಿತಲ್ಲ, ನಾನು ಹೇಳಿರಲಿಲ್ಲವೇ, ಪಿಸ್ಟನ್ ರಿಂಗೇ. ಹೌದು ಹೌದು ಎಂದ ಕನ್ನಡಕದವನು, ಕೆಮ್ಮುತ್ತಾ. ಪುಟ್ಟ ದಿಂಬಿನ ಮೇಲೆ ತಲೆಯಿಟ್ಟು, ಕಣ್ಣಲ್ಲಿ ನೀರು ಸುರಿಯುತ್ತಿದ್ದಂತೆ, ಅದು ಹೊಗೆಗೋ ಮತ್ತೊಂದಕ್ಕೋ ತಿಳಿಯದೆ, ಎರಡು ಕೈ ಎದೆಯ ಮೇಲೆ ಜೋಡಿಸಿದ.

ದೇವರೇ, ಅವರು ನಿನ್ನೆದುರು ಕೊಟ್ಟ ಮಾತಿಗೆ ತಪ್ಪಿದರು. ಅದನ್ನು ನನ್ನ ಲೆಕ್ಕಕ್ಕೆ ಬರೆದುಕೋ, ಇಲ್ಲಿಯವರು ಹೇಗೂ ಬರೆದುಕೊಂಡಿದ್ದಾರೆ. ಅಲ್ಲಿ ಅವರ ಎದೆ ನೋಯದಿರಲಿ, ಉಸಿರು ಹಗುರವಾಗಿರಲಿ, ಕತ್ತಿಗೆ ಮೆತ್ತಗೆ ಏನಾದರೂ ಇರಲಿ. ನಮ್ಮ ಭಾವನ ಆತ್ಮಕ್ಕೆ ಶಾಂತಿ ಕೊಡು.